ಹಳೆಯ ಪ್ಲೇಟಿಂಗ್ ಶೆಡ್ ಕೊಳ್ಳುವ ಮುನ್ನ ಅದರ ನೆಲ, ನೀರು ನೋಡಿ

ಮೈಸೂರಿನ ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿ ಮುಚ್ಚಿರುವ ಕ್ರೋಮ್ ಪ್ಲೇಟಿಂಗ್ (ಲೋಹದ ವಸ್ತುಗಳನ್ನು ರಾಸಾಯನಿಕದ ತೊಟ್ಟಿಯಲ್ಲಿ ಅದ್ದಿ ಕ್ರೋಮಿಯಂ ಲೇಪಿಸುವ) ಘಟಕವೊಂದನ್ನು ಕೊಂಡು ಸಾಂಬಾರ ಪುಡಿ ತಯಾರಿಸಬೇಕೆಂದಿದ್ದೀರಿ. ಋಣಭಾರ ಪತ್ರ, ಖಾತೆ ಎಲ್ಲವೂ ಸರಿಯಿದೆ, ಇನ್ನೇನು ನೋಡಬೇಕು ಎಂದು ಕೇಳಿದ್ದೀರಿ. ಮುಂಗಡ ಕೊಟ್ಟಿಲ್ಲವಾದರೆ ದಯವಿಟ್ಟು ಸ್ವಲ್ಪ ತಡೆಯಿರಿ. ಜಾಗ ಯಾರ ಹೆಸರಿನಲ್ಲಿತ್ತು ಎಂಬುದನ್ನು ಆ ಕಾಗದಗಳು ಹೇಳುತ್ತವೆ, ಅಲ್ಲಿ ಏನನ್ನು ಚೆಲ್ಲಿದರು ಎಂಬುದನ್ನು ಹೇಳುವುದಿಲ್ಲ.

ನಮ್ಮ ಭಾವ ಇದೇ ಊರಿನಲ್ಲಿ ಇಂಥದೇ ಶೆಡ್ ಕೊಂಡರು. ಕಾಗದಗಳನ್ನು ನೋಡಿ ಧೈರ್ಯವಾಗಿ ಕೊಳ್ಳಿ ಎಂದವನು ನಾನೇ. ಪೂಜೆಯ ದಿನ ಕೊಳವೆಬಾವಿಯ ಮೋಟಾರು ಹಾಕಿದೆವು. ಸ್ಟೀಲ್ ಲೋಟದಲ್ಲಿ ನೀರು ತಿಳಿಯಾಗಿಯೇ ಕಂಡಿತು. ಬಿಳಿ ಬಕೆಟ್ಟಿಗೆ ಹಿಡಿದಾಗ ಹಣ್ಣಾದ ನಿಂಬೆಯ ಸಿಪ್ಪೆಯ ಬಣ್ಣ. ವಾಸನೆಯೇನೂ ಇರಲಿಲ್ಲ. ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ಅಳೆಯುವ ಟಿಡಿಎಸ್ ಮೀಟರ್ ಲೀಟರಿಗೆ 400 ಮಿಲಿಗ್ರಾಂ ಆಸುಪಾಸು ತೋರಿಸಿತು, ಅಷ್ಟಿದ್ದರೆ ಕುಡಿಯಲು ಅಡ್ಡಿಯಿಲ್ಲ ಎನ್ನುತ್ತಾರೆ. ಪ್ರಯೋಗಾಲಯದ ವರದಿ ಬಂದ ಮೇಲೆಯೇ ಕ್ರೋಮಿಯಂ ಎಂದು ಗೊತ್ತಾದದ್ದು.

ಕ್ರೋಮ್ ಪ್ಲೇಟಿಂಗ್‌ಗೆ ಬಳಸುವ ಕ್ರೋಮಿಕ್ ಆಮ್ಲದಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ, ಆ ಲೋಹದ ಹೆಚ್ಚು ವಿಷಕಾರಿ ರೂಪ. ಅದು ನೀರಿನಲ್ಲಿ ಸುಲಭವಾಗಿ ಕರಗಿ ಅಂತರ್ಜಲದ ಜೊತೆ ದೂರ ಸಾಗುತ್ತದೆ, ಕ್ಯಾನ್ಸರ್‌ಕಾರಕವೂ ಹೌದು. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನದಂಡ. ನೂರಾರು ಮಿಲಿಗ್ರಾಂ ಲವಣದ ನಡುವೆ ಇಷ್ಟು ಸಣ್ಣ ಪ್ರಮಾಣವನ್ನು ಟಿಡಿಎಸ್ ಮೀಟರ್ ಗುರುತಿಸಲಾರದು. ಕುದಿಸಿದರೂ ಹೋಗುವುದಿಲ್ಲ. ಕಣ್ಣಿಗೆ ಹಳದಿ ಕಾಣುವ ಹೊತ್ತಿಗೆ ಮಿತಿಯನ್ನು ಎಷ್ಟೋ ಪಟ್ಟು ದಾಟಿರುತ್ತದೆ.

ಹಾಗಾಗಿ ಮೊದಲು ಶೆಡ್ಡಿನೊಳಗೆ ನಿಧಾನವಾಗಿ ಓಡಾಡಿ. ತೊಟ್ಟಿಗಳಿದ್ದ ಕಡೆ ಸಿಮೆಂಟ್ ನೆಲವನ್ನು ಆಮ್ಲ ತಿಂದು ಜಲ್ಲಿ ಎದ್ದಿದೆಯೇ? ಹಸಿರು, ಹಳದಿ ಕಲೆಗಳಿವೆಯೇ? ಹೊಸದಾಗಿ ಗಾರೆ ಬಳಿದಿದ್ದರೆ ಏಕೆ ಬಳಿದರು ಎಂದು ಕೇಳಿ. ಚರಂಡಿಯನ್ನು ಹಿಡಿದು ಅದು ಮುಗಿಯುವ ಜಾಗದವರೆಗೆ ನಡೆಯಿರಿ. ಇಳಿಜಾರಿನಲ್ಲಿ ಮೇಲಿರುವ ಪಕ್ಕದ ಕಾರ್ಖಾನೆ ಏನು ಮಾಡುತ್ತದೆಂದೂ ತಿಳಿದುಕೊಳ್ಳಿ, ಭೂಮಿಯೊಳಗಿನ ನೀರಿಗೆ ಕಾಂಪೌಂಡ್ ಗೋಡೆ ಲೆಕ್ಕಕ್ಕಿಲ್ಲ. ಹಳೆಯ ಕೆಲಸಗಾರರನ್ನೂ ಎದುರಿನ ಚಹಾ ಅಂಗಡಿಯವರನ್ನೂ ಮಾತನಾಡಿಸಿ. ತೊಟ್ಟಿಯ ತಳದ ಕೆಸರನ್ನು ರಾತ್ರಿ ಹೊತ್ತು ಹಿತ್ತಲ ಬೇವಿನ ಮರದ ಬುಡದ ಗುಂಡಿಗೆ ಸುರಿಯುತ್ತಿದ್ದರು ಎಂದು ನಮಗೆ ಹೇಳಿದವರು ಅಂಥ ಅಂಗಡಿಯವರೇ. ಮೊದಲೇ ಏಕೆ ಹೇಳಲಿಲ್ಲ ಎಂದರೆ, ‘ನೀವು ಕೇಳಲಿಲ್ಲವಲ್ಲ ಸ್ವಾಮಿ’ ಎಂದರು.

ಬಳಿಕ ಮಾರುವವರಿಂದ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರಗಳನ್ನೂ ಅಪಾಯಕಾರಿ ತ್ಯಾಜ್ಯ ಸಾಗಿಸಿದ ದಾಖಲೆಗಳನ್ನೂ ಕೇಳಿ ಪಡೆಯಿರಿ. ವರ್ಷಗಟ್ಟಲೆ ಪ್ಲೇಟಿಂಗ್ ನಡೆದಿದೆ, ಕೆಸರು ಹೊರಗೆ ಹೋದ ದಾಖಲೆ ಒಂದೂ ಇಲ್ಲ ಎಂದಾದರೆ ಅದು ಎಲ್ಲಿದೆ ಎಂದು ಊಹಿಸುವುದು ಕಷ್ಟವಲ್ಲ. ಅವರು ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಮಂಡಳಿಗೆ ಅರ್ಜಿ ಹಾಕಿ.

ಪರೀಕ್ಷೆಯಲ್ಲಿ ಮಾತ್ರ ಜಿಪುಣತನ ಬೇಡ. ಕೊಳವೆಬಾವಿಯನ್ನು ಸ್ವಲ್ಪ ಹೊತ್ತು ಓಡಿಸಿ, ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದವರೇ ಬಂದು ನೀರು ತೆಗೆದುಕೊಳ್ಳಲಿ. ತೊಟ್ಟಿಗಳ ಕೆಳಗಿನ, ಚರಂಡಿಯ ಕೊನೆಯ, ಹಿತ್ತಲ ಗುಂಡಿಯ ಮಣ್ಣನ್ನು ಬೇರೆ ಬೇರೆಯಾಗಿ ತೆಗೆಸಿ. ಹೋಲಿಕೆಗೆ ಏನೂ ನಡೆಯದ ಮೂಲೆಯ ಮಣ್ಣೂ ಇರಲಿ. ಕ್ರೋಮಿಯಂ, ನಿಕಲ್, ಸತು, ಸೀಸ, ಸಯನೈಡ್ ಎಂದು ಹೆಸರಿಟ್ಟು ಕೇಳಿ. ‘ಸಾಮಾನ್ಯ ಪರೀಕ್ಷೆ’ ಎಂದರೆ ಇವೆಲ್ಲ ಅದರೊಳಗೆ ಬರುತ್ತವೆ ಎಂದುಕೊಳ್ಳಬೇಡಿ.

ಮಾಲಿನ್ಯ ಮಾಡಿದವರೇ ತೆರಬೇಕು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ, ನಿಜ. ಆದರೆ 1974ರ ಜಲ ಕಾಯ್ದೆಯ ಪ್ರಕಾರ ಜಾಗದ ವ್ಯವಹಾರ ಯಾರ ಹಿಡಿತದಲ್ಲಿದೆಯೋ ಅವರೇ ಅಧಿಭೋಗದಾರರು. ನಾಳೆ ನೋಟಿಸ್ ಬಂದರೆ ಬಾಗಿಲು ತೆರೆಯುವವರು ನೀವು. ಕಂಪನಿಯ ಷೇರುಗಳನ್ನೇ ಕೊಳ್ಳುವುದಾದರೆ ಅದರ ಹಳೆಯ ಹೊಣೆಗಳೂ ಜೊತೆಗೇ ಬರುತ್ತವೆ. ವರದಿ ಬರುವವರೆಗೆ ಮುಂಗಡ ಬೇಡ. ಕೊಡಲೇಬೇಕಾದರೆ, ವರದಿ ಕೆಟ್ಟದಾಗಿದ್ದರೆ ಹಣ ಪೂರ್ತಿ ವಾಪಸು ಎಂದು ಕರಾರಿನಲ್ಲಿ ವಕೀಲರಿಂದ ಬರೆಸಿ.

ವರದಿ ಕೈಸೇರಿದ ಮೇಲೆ ಅದರಲ್ಲಿರುವ ಸಂಖ್ಯೆಗಳನ್ನು ಇಲ್ಲಿಯೇ ಬರೆಯಿರಿ, ಕೂತು ಓದೋಣ.