ಗರ್ಭಕೋಶದ ಆಪರೇಷನ್‌ಗೆ ಗಂಡನ ಸಹಿ ಬೇಕೇ ಬೇಕಾ?

ಬೇಕಿಲ್ಲ. 18 ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಹೆಣ್ಣಿನ ಆಪರೇಷನ್‌ಗೆ ಅವಳದೇ ಒಪ್ಪಿಗೆ ಬೇಕು. ಅವಳ ಬದಲು ಗಂಡನಾಗಲಿ, ಅಮ್ಮನಾಗಲಿ ಸಹಿ ಹಾಕಿದರೆ ನಡೆಯಲ್ಲ.

ಸುಪ್ರೀಂ ಕೋರ್ಟ್ ಇದನ್ನು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. 1995ರಲ್ಲಿ ಆಕೆಗೆ 44 ವರ್ಷ. ಮುಟ್ಟಿನ ತೊಂದರೆ ಏನೆಂದು ನೋಡಲು ಲ್ಯಾಪರೊಸ್ಕೋಪಿಗೆ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆಗೆ) ಮಲಗಿದ್ದರು. ಅರಿವಳಿಕೆ ಕೊಟ್ಟಾಗಿತ್ತು. ಆಗ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ಎದ್ದ ಮೇಲೆ ಆಕೆಗೆ ಹೇಗನ್ನಿಸಿರಬೇಕು ಯೋಚಿಸಿ. ಜೀವಕ್ಕೇನೂ ತುರ್ತು ಅಪಾಯ ಇರಲಿಲ್ಲ, ಎಚ್ಚರವಾಗುವ ತನಕ ಕಾಯಬಹುದಿತ್ತು, ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದಿತು ಕೋರ್ಟ್. ಪರೀಕ್ಷೆಗೆ ಒಪ್ಪಿದರೆ ಚಿಕಿತ್ಸೆಗೂ ಒಪ್ಪಿದಂತಲ್ಲ ಅಂತಲೂ ಹೇಳಿತು. ನನ್ನ ಪ್ರಕಾರ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತಿರಬೇಕಾದ ಮಾತು ಇದು.

ಗರ್ಭಪಾತಕ್ಕೂ ಹಾಗೇ. 1971ರ ಕಾಯ್ದೆ ವಯಸ್ಕ ಹೆಣ್ಣಿನ ಒಪ್ಪಿಗೆ ಮಾತ್ರ ಕೇಳುತ್ತದೆ. ಗಂಡನ ಸಹಿ ಕೇಳುವುದು ಎಷ್ಟೋ ಆಸ್ಪತ್ರೆಗಳ ರೂಢಿ, ಕಾನೂನಲ್ಲ.

ಆದರೆ ಸಹಿ ನಿಮ್ಮದೇ ಆದರೆ ಸಾಲದು, ವಿಷಯ ಗೊತ್ತಿರಬೇಕು. ನಮ್ಮ ಕಲಬುರಗಿ ಕಡೆ ಬಡ ಹೆಣ್ಣುಮಕ್ಕಳ ಗರ್ಭಕೋಶವನ್ನು ಸುಮ್ನೆ ಹೊಟ್ಟೆನೋವಿಗೂ ತೆಗೆದ ದೂರುಗಳು ಬಂದಿದ್ದವು, ನೆನಪಿದೆ ಅಲ್ವಾ? ಹಾಗಾಗಿ ಕೇಳಿ: ಏನು ತೆಗೀತೀರಿ, ಯಾಕೆ, ಮಾತ್ರೆಯಲ್ಲಿ ವಾಸಿಯಾಗಲ್ವಾ, ಆಮೇಲೆ ಏನೇನು ತೊಂದರೆ? ಫಾರಂ ಕನ್ನಡದಲ್ಲಿ ಓದಿಸಿಕೊಳ್ಳಿ. ಖಾಲಿ ಜಾಗ ಬಿಟ್ಟಿದ್ದರೆ ಸಹಿ ಹಾಕಬೇಡಿ. ತುರ್ತು ಇಲ್ಲದಿದ್ದರೆ ಇನ್ನೊಬ್ಬ ಡಾಕ್ಟರಿಗೂ ತೋರಿಸಿ.