ಸಮುದ್ರದ ಪಕ್ಕದ ಮರುಭೂಮಿಯಲ್ಲಿ ನೋಡುವುದಕ್ಕೆ ಏನಿದೆ?

ಮಡಿಕೇರಿಯಿಂದ ಆಫ್ರಿಕಾದ ನಮೀಬಿಯಾಕ್ಕೆ ಹೋಗಿ ಬರೀ ಮರಳು ನೋಡಬೇಕಾ ಎಂದು ಕೇಳಿದ್ದೀರಿ. ಮರಳು ಆಮೇಲೆ, ಮೊದಲು ಮಂಜು ನೋಡಿ.

ನಮ್ಮ ರಾಜಾಸೀಟ್‌ನಲ್ಲಿ ಮಳೆಗಾಲದ ಮಂಜು ಕವಿದರೆ ಹಿಂದೆಯೇ ಮಳೆ, ಅಲ್ವಾ? ನಮೀಬಿಯಾದ ಕಡಲತೀರದ ಊರು ಸ್ವಾಕೋಪ್‌ಮುಂಡ್‌ನಲ್ಲಿ ಹಾಗಲ್ಲ. ಬೆಂಗ್ವೆಲಾ ಎಂಬ ತಣ್ಣನೆಯ ಸಮುದ್ರ ಪ್ರವಾಹದಿಂದ ಮಂಜು ದಟ್ಟವಾಗಿ ಏಳುತ್ತದೆ, ಮಳೆ ಮಾತ್ರ ಬರುವುದೇ ಅಪರೂಪ. ಅಲ್ಲಿನ ಒಂದು ಕಪ್ಪು ಜೀರುಂಡೆ ದಿಣ್ಣೆಯ ನೆತ್ತಿ ಹತ್ತಿ, ತಲೆ ಕೆಳಗೆ ಮಾಡಿ, ಹಿಂಭಾಗ ಎತ್ತಿ ಸುಮ್ನೆ ನಿಲ್ಲುತ್ತದೆ. ಬೆನ್ನ ಮೇಲೆ ಕೂತ ಹನಿ ಜಾರಿ ನೇರ ಬಾಯಿಗೆ! ಬೆಳಗ್ಗೆ ಬೇಗ ಎದ್ದು ಗೈಡ್ ಜೊತೆ ಹೋಗಿ, ಇಲ್ಲದಿದ್ದರೆ ಕಣ್ಣಿಗೆ ಬೀಳುವುದಿಲ್ಲ.

ವೆಲ್ವಿಚಿಯಾ ಗಿಡವನ್ನೂ ಬಿಡಬೇಡಿ. ಜೀವಮಾನವೆಲ್ಲ ಎರಡೇ ಎಲೆ. ಗಾಳಿಗೆ ಸೀಳಿ ಸೀಳಿ, ನೋಡಿದರೆ ಯಾರೋ ಒಣ ಬಾಳೆಎಲೆ ರಾಶಿ ಹಾಕಿದ ಹಾಗಿರುತ್ತದೆ. ಕೆಲವಕ್ಕೆ ಸಾವಿರ ವರ್ಷಕ್ಕೂ ಜಾಸ್ತಿ ವಯಸ್ಸು.

ಅದೇ ಕರಾವಳಿಯ ವಾಲ್ವಿಸ್ ಬೇ ಊರಲ್ಲಿ ರಾಜಹಂಸಗಳಿವೆ (ಫ್ಲೆಮಿಂಗೊ). ಅಲ್ಲಿಂದ ದಕ್ಷಿಣಕ್ಕೆ ಸ್ಯಾಂಡ್‌ವಿಚ್ ಹಾರ್ಬರ್‌. ಮರಳದಿಣ್ಣೆಗಳು ನೇರ ಕಡಲಿಗೇ ಇಳಿಯುತ್ತವೆ. ಮಾಂದಲ್‌ಪಟ್ಟಿ ಜೀಪಿನಲ್ಲಿ ಕುಲುಕಿಸಿಕೊಂಡವರಿಗೆ ಈ ದಾರಿ ಹೊಸದೇನಲ್ಲ, ಆದರೆ ಉಬ್ಬರದ ಹೊತ್ತು ನೋಡಿಯೇ ಹೊರಡಬೇಕು. ಸ್ವಾಕೋಪ್‌ಮುಂಡ್‌ನಿಂದ ಉತ್ತರಕ್ಕೆ ಕೇಪ್ ಕ್ರಾಸ್‌ನಲ್ಲಿ ಸಾವಿರಾರು ಸೀಲ್‌ಗಳು. 1486ರಲ್ಲಿ ಪೋರ್ಚುಗಲ್‌ನ ನಾವಿಕ ಡಿಯೋಗೊ ಕಾವ್ ಶಿಲುಬೆ ನೆಟ್ಟ ಜಾಗವೂ ಅದೇ. ವಾಸನೆಗೆ ಮೂಗು ಮುಚ್ಚಿಕೊಳ್ಳಲು ಕರ್ಚೀಫ್ ಇರಲಿ.

ಹಲಗೆ ಮೇಲೆ ಮರಳಲ್ಲಿ ಜಾರುವ ಆಟವೂ ಇದೆ. ಮರುಭೂಮಿ ಅಂತ ಸ್ವೆಟರ್ ಮನೆಯಲ್ಲಿ ಬಿಟ್ಟು ಹೋಗಬೇಡಿ.