ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದು ಆಗಾಗ ಪುತ್ತೂರಿಗೆ ಹೋಗುವವರಿಗೆ ಎಲೆಕ್ಟ್ರಿಕ್ ಕಾರೊಂದೇ ಸಾಕೇ?

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ವಾಸ, ಹಬ್ಬಕ್ಕೂ ಬೇಸಿಗೆ ರಜೆಗೂ ಪುತ್ತೂರಿನ ತೋಟದ ಮನೆಗೆ ಪ್ರಯಾಣ; ಮನೆಗಿರುವ ಒಂದೇ ಕಾರು ಎಲೆಕ್ಟ್ರಿಕ್ ಆದರೆ ನಡೆದೀತೇ ಎಂದು ನೀವು ಕೇಳಿದ್ದೀರಿ. ನಮ್ಮದೂ ಹೆಚ್ಚುಕಡಿಮೆ ಇದೇ ಪರಿಸ್ಥಿತಿಯಾದ್ದರಿಂದ ಧೈರ್ಯವಾಗಿ ಹೇಳುತ್ತೇನೆ: ಖಂಡಿತ ನಡೆಯುತ್ತದೆ, ಆದರೆ ನಿಮ್ಮ ಪಾರ್ಕಿಂಗ್ ಜಾಗಕ್ಕೆ ನಿಮ್ಮದೇ ಮೀಟರಿನಿಂದ ವಿದ್ಯುತ್ ಬರುವಂತಿರಬೇಕು. ಕೊಳ್ಳಲು ಹೊರಟವರೆಲ್ಲ ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆ ಎಂದು ವಿಚಾರಿಸುತ್ತಾರೆ. ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ, ಅಲ್ಲಿ ಪ್ಲಗ್ ಇದೆಯೇ ಎಂಬುದನ್ನು ಅದಕ್ಕೂ ಮೊದಲೇ ತೀರ್ಮಾನಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ನನ್ನದು 40.5 ಕಿಲೋವಾಟ್ ಅವರ್ (ಎಂದರೆ 40.5 ಯೂನಿಟ್) ಬ್ಯಾಟರಿಯ ಟಾಟಾ ನೆಕ್ಸಾನ್ ಎಲೆಕ್ಟ್ರಿಕ್ ಕಾರು. ನಗರದೊಳಗೆ ಒಂದು ಯೂನಿಟ್‌ಗೆ ಸುಮಾರು 7 ಕಿಲೋಮೀಟರ್ ಓಡುವುದರಿಂದ, ಮನೆಯ ವಿದ್ಯುತ್ ದರದಲ್ಲಿ ಕಿಲೋಮೀಟರಿಗೆ ಒಂದು ರೂಪಾಯಿಯ ಆಸುಪಾಸು ಖರ್ಚಾಗುತ್ತದೆ. ಸಾರ್ವಜನಿಕ ಫಾಸ್ಟ್ ಚಾರ್ಜರುಗಳಲ್ಲಿ ಯೂನಿಟ್ ದರ ಇಪ್ಪತ್ತು ರೂಪಾಯಿ ದಾಟುವುದು ಸಾಮಾನ್ಯ. ಪ್ರತಿದಿನವೂ ಅವನ್ನೇ ನೆಚ್ಚಿಕೊಂಡರೆ ಉಳಿತಾಯದ ದೊಡ್ಡ ಪಾಲು ಅಲ್ಲೇ ಹೋಗುತ್ತದೆ, ಕಾಯುವ ಸಮಯ ಬೇರೆ. ಮನೆಯಲ್ಲಿ 15 ಆಂಪಿಯರ್ ಸಾಕೆಟ್ ಇದ್ದರೂ ಸಾಕು, ಒಂದೇ ರಾತ್ರಿಯಲ್ಲಿ 150 ಕಿಲೋಮೀಟರಿಗೆ ಬೇಕಾದಷ್ಟು ತುಂಬುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಹಾಕಿಕೊಂಡಾಗ ಖರ್ಚಾಗುವುದು ಬಹುಮಟ್ಟಿಗೆ ಎಸಿಗೆ ಮಾತ್ರ. ಕ್ಲಚ್ ತುಳಿಯುವ ಕಾಲುನೋವೂ ಇಲ್ಲ.

ಅಪಾರ್ಟ್‌ಮೆಂಟಿನ ಸಂಘದವರು ಸಾಮಾನ್ಯವಾಗಿ ಬೆಂಕಿಯ ಭಯ ಮತ್ತು ಲೋಡ್ ಹೆಚ್ಚಾಗುವ ಆತಂಕ, ಇವೆರಡನ್ನು ಮುಂದಿಡುತ್ತಾರೆ. ಮನೆಗೆ ಈಗಾಗಲೇ ಇರುವ ಸಂಪರ್ಕದಿಂದಲೇ ಸ್ವಂತ ವಾಹನವನ್ನು ಚಾರ್ಜ್ ಮಾಡಿಕೊಳ್ಳಲು ಕೇಂದ್ರ ಇಂಧನ ಸಚಿವಾಲಯದ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಅದರ ಪ್ರತಿಯನ್ನೂ, ಪರವಾನಗಿ ಪಡೆದ ಗುತ್ತಿಗೆದಾರರು ಬರೆದುಕೊಟ್ಟ ವೈರಿಂಗ್ ನಕ್ಷೆಯನ್ನೂ ಹಿಡಿದುಕೊಂಡು, ಕಾರು ಬುಕ್ ಮಾಡುವ ಮೊದಲೇ ಮಾತುಕತೆ ಮುಗಿಸಿಕೊಳ್ಳಿ.

ಇನ್ನು ಊರಿನ ದಾರಿ. ಪುತ್ತೂರಿಗೆ ಮುನ್ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು; ಹೆದ್ದಾರಿಯ ವೇಗದಲ್ಲಿ ಈ ಬ್ಯಾಟರಿ ಒಂದೇ ಚಾರ್ಜಿನಲ್ಲಿ ಅಷ್ಟು ದೂರ ತಲುಪಿಸುವುದಿಲ್ಲ. ನಾವು ಹಾಸನದಲ್ಲಿ ತಿಂಡಿಗೆ ನಿಂತಾಗ ಶೇ 80ರವರೆಗೆ ತುಂಬಿಸಿಕೊಳ್ಳುತ್ತೇವೆ. ಅದರಾಚೆಗೆ ಚಾರ್ಜಿಂಗ್ ನಿಧಾನವಾಗುವುದರಿಂದ ಕಾಯುವುದು ವ್ಯರ್ಥ. ಮೇಲಾಗಿ ಮುಂದೆ ಶಿರಾಡಿ ಘಾಟಿ ಇದೆ. ಸಕಲೇಶಪುರ ದಾಟಿದ ಮೇಲೆ ರಸ್ತೆ ಸುಮಾರು 800 ಮೀಟರ್ ಕೆಳಗಿಳಿಯುತ್ತದೆ. ಇಳಿಜಾರಿನಲ್ಲಿ ಮೋಟಾರೇ ಜನರೇಟರಿನಂತೆ ದುಡಿದು ಬ್ಯಾಟರಿಗೆ ವಿದ್ಯುತ್ ಹಿಂತಿರುಗಿಸುತ್ತದೆ, ಬ್ರೇಕ್ ಮುಟ್ಟುವ ಪ್ರಸಂಗವೇ ಕಡಿಮೆ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ಹಿಂದಿರುಗುವ ವಿದ್ಯುತ್ತಿಗೆ ಜಾಗವಿರುವುದಿಲ್ಲ, ಮೋಟಾರು ಕಾರಿನ ವೇಗವನ್ನು ತಡೆಹಿಡಿಯುವ ಹಿಡಿತವೂ ಸಡಿಲವಾಗುತ್ತದೆ. ಆದ್ದರಿಂದ ಘಾಟಿಯ ತಲೆಯಲ್ಲಿ ನೂರಕ್ಕೆ ನೂರು ತುಂಬಿಸಿಕೊಂಡು ಇಳಿಯಬೇಡಿ. ಮರಳುವಾಗ ಲೆಕ್ಕ ತಿರುಗುಮುರುಗು: ನಾಲ್ಕು ಜನ ಕೂತ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಲು, ದಾರಿಯ ಮಾಮೂಲಿ ಖರ್ಚಿನ ಮೇಲೆ ಸುಮಾರು 4 ಯೂನಿಟ್, ಎಂದರೆ ಬ್ಯಾಟರಿಯ ಹತ್ತನೇ ಒಂದು ಭಾಗ, ಹೆಚ್ಚಿಗೆ ಬೇಕು.

ಹಾಗಾಗಿ ಊರಿನ ಮನೆಯಿಂದ ಪೂರ್ತಿ ಚಾರ್ಜ್ ಮಾಡಿಕೊಂಡೇ ಹೊರಡಬೇಕು, ಮತ್ತು ಹೆಚ್ಚಿನವರಿಗೆ ತೊಡಕಾಗುವುದು ಅಲ್ಲಿಯೇ. ಹಳೆಯ ಮನೆಗಳಲ್ಲಿ ಅರ್ತಿಂಗ್ (ಸೋರಿದ ವಿದ್ಯುತ್ತನ್ನು ನೆಲಕ್ಕೆ ಹರಿಸುವ ವ್ಯವಸ್ಥೆ) ಸರಿಯಿಲ್ಲದಿದ್ದರೆ ಕಾರಿನ ಜೊತೆ ಬಂದ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಫ್ರಿಜ್ಜು, ಗ್ರೈಂಡರುಗಳೆಲ್ಲ ಓಡುತ್ತಿರುವಾಗ ಇದೇಕೆ ಓಡದು ಎಂದು ಮನೆಯವರಿಗೆ ಅಚ್ಚರಿ. ನಮ್ಮ ಕಡೆಯ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ವಿದ್ಯುತ್ತನ್ನು ಸರಿಯಾಗಿ ಹರಿಯಗೊಡುವುದಿಲ್ಲ. ಇದ್ದಿಲು, ಉಪ್ಪು ತುಂಬಿಸಿ ಹೊಸ ಅರ್ತ್ ಗುಂಡಿ ಮಾಡಿಸಿ, ಮೇನ್ ಬೋರ್ಡಿನಿಂದ ನೇರವಾಗಿ ದಪ್ಪ ತಂತಿ ಎಳೆಸಿ ಒಳ್ಳೆಯ ಸಾಕೆಟ್ ಹಾಕಿಸಿ. ಮೊದಲ ದಿನ ಚಾರ್ಜ್ ಶುರುವಾಗಿ ಅರ್ಧ ಗಂಟೆಯಾದ ಮೇಲೆ ಪ್ಲಗ್ಗಿನ ಮೇಲ್ಭಾಗವನ್ನು ಮುಟ್ಟಿ ನೋಡಿ: ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಇಡಲಾಗದಷ್ಟು ಬಿಸಿಯಿದ್ದರೆ ತಕ್ಷಣ ನಿಲ್ಲಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಮಾರ್ಚ್ ತಿಂಗಳಿನಿಂದ ಮಳೆ ಹಿಡಿಯುವವರೆಗೆ ಆ ಗುಂಡಿಗೆ ಆಗಾಗ ಒಂದೆರಡು ಕೊಡ ನೀರು ಹಾಕುವಂತೆ ಮನೆಯಲ್ಲಿರುವವರಿಗೆ ಹೇಳಿಡಿ.